ಕೈಗುಣದ ಹುಡುಗಿಯ ಹಾಜರಿ

ಮೊಮ್ಮಗಳ ಹೆಸರಿನ ಮುಂದೆ ಶಾಲೆಯವರು ಕೆಂಪು ಚುಕ್ಕೆ ಇಟ್ಟಿದ್ದಾರೆಂದು ಕೇಳಿ ಮೂಗಮ್ಮ ಹಿಗ್ಗಿ ಹೀರೇಕಾಯಿಯಾದಳು. ಕುಂಕುಮದ ಬಣ್ಣ! ಶುಭವಲ್ಲದೆ ಇನ್ನೇನು? ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಿಗೆಲ್ಲ, "ನಮ್ ಭಾನುಗ ಕೆಂಪು ಚುಕ್ಕಿ ಕೊಟ್ಟವ್ರಂತ ಕನ್ರವ್ವ" ಎಂದು ಸಾರಿಯೇಬಿಟ್ಟಳು.

ಆ ಸಂತೋಷಕ್ಕೆ ಆಯುಸ್ಸು ಸಂಜೆಯವರೆಗೆ ಮಾತ್ರ. ಶಾಲೆ ಮುಗಿಸಿ ನಾಗಲಕ್ಷ್ಮಿ ಮಿಸ್ಸು ನೇರ ಮನೆಗೇ ಬಂದರು.

"ಅಜ್ಜಿ, ತಪ್ಪದೆ ಬರೋ ಮಕ್ಕಳಿಗೆ ಹಸಿರು. ಆಗಾಗ ತಪ್ಪಿಸೋರಿಗೆ ಹಳದಿ. ತುಂಬ ತಪ್ಪಿಸಿದರೆ ಕೆಂಪು. ಏಳನೇ ಕ್ಲಾಸಲ್ಲಿ ಕೆಂಪು ನಿಮ್ಮ ಭಾನು ಒಬ್ಬಳಿಗೇ."

ಮೂಗಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಸೋಲಲಿಲ್ಲ. "ಅಯ್ಯೋ, ವಾರಕ್ಕ ಒಂದಿನ, ಎರಡು ದಿನ ತಪ್ಪುಸ್ತಳ ಕನವ್ವ. ಮಿಕ್ಕಿದ ದಿನ ಬತ್ತಳಲ್ಲ?"

"ಅದೇ ತೊಂದರೆ. ತಿಂಗಳುಗಟ್ಟಲೆ ಬರದ ಮಗು ಎಲ್ಲರ ಕಣ್ಣಿಗೂ ಬೀಳುತ್ತೆ. ಅಲ್ಲೊಂದು ಇಲ್ಲೊಂದು ದಿನ ತಪ್ಪಿಸೋ ಮಗು ನನಗೂ ಕಂಡಿರಲಿಲ್ಲ, ಹಾಜರಿ ಎಲ್ಲ ಕೂಡಿ ನೋಡಿದ ಮೇಲೆ ಗೊತ್ತಾಯ್ತು. ಭಿನ್ನರಾಶಿ ಶುರುಮಾಡಿದ ದಿನ ಅವಳಿಲ್ಲ, ಕೂಡೋದು ಕಲಿಸಿದ ದಿನವೂ ಇಲ್ಲ. ನಿನ್ನೆ ಏನಂದಳು ಗೊತ್ತಾ? ನಾನು ಗುಂಡ್ಲುಪೇಟೆ ಹೈಸ್ಕೂಲಿಗೆ ಹೋಗಲ್ಲ ಮಿಸ್, ನನಗೆ ತಲೆಗೆ ಹತ್ತಲ್ಲ ಅಂದಳು."

ಒಲೆಯ ಮುಂದೆ ಕೂತಿದ್ದ ಭಾನು ತಲೆ ಎತ್ತಲಿಲ್ಲ. ಹೋದ ವರ್ಷ ಇದೇ ಹುಡುಗಿ ಹೈಸ್ಕೂಲಿನ ಬಸ್ಸು, ನೀಲಿ ಯೂನಿಫಾರ್ಮು ಎಂದು ಅಜ್ಜಿಯ ತಲೆ ತಿಂದಿದ್ದಳು.

ತಪ್ಪು ಯಾರದೆಂದು ಮೂಗಮ್ಮನಿಗೆ ಗೊತ್ತಿತ್ತು. ಹೋದ ಓಣಂ ಸಮಯದಲ್ಲಿ ಚಿಕ್ಕಮಲ್ಲಪ್ಪನ ಹೊಲದಲ್ಲಿ ಭಾನು ಆಟಕ್ಕೆಂದು ಮೊದಲ ಚೆಂಡು ಹೂವು ಕಿತ್ತಳು. ಅವತ್ತೇ ಕೇರಳದ ವ್ಯಾಪಾರಿ ಬದುವಿಗೇ ಲಾರಿ ತಂದು, ಚೌಕಾಸಿ ಮಾಡದೆ ಅಷ್ಟೂ ಹೂವು ತುಂಬಿಕೊಂಡು ಹೋದ. ಮಗುವಿನ ಕೈಗುಣ ಎಂದು ಊರೆಲ್ಲ ಆಡಿಕೊಂಡಿತು. ಅಲ್ಲಿಂದ ಶುರು. ಮೊದಲ ಹೂವು ಕೀಳಲು, ಮೊದಲ ಬೀಜ ಹಾಕಲು ಭಾನುವೇ ಬೇಕು. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲ, ಕೈಗೊಂದು ಬೋಂಡ, ಕುಡಿಯಲು ಟೀ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆದು ಹಳೆಯ ಮಾತಾಗಿರುತ್ತಿತ್ತು.

ಬೇಡ ಎನ್ನಬಹುದಿತ್ತು. ಭಾನುವಿನ ಅಪ್ಪ ಅಮ್ಮ ಬೆಳಗಾಗುತ್ತಲೇ ಕೂಲಿಗೆ ಹೊರಡುವವರು. ಮನೆಯ ಯಜಮಾನಿಕೆ ಮೂಗಮ್ಮನದೇ. ಆದರೆ ಬದುವಿನ ಮೇಲಿಂದ "ಏ ಮೂಗಿ" ಎಂದು ಕೂಗುತ್ತಿದ್ದ ಚಿಕ್ಕಮಲ್ಲಪ್ಪ ಈಗ ಕೇರಿಯವರೆಗೆ ಬೈಕಿನಲ್ಲಿ ಬಂದು, ಬಾಗಿಲಲ್ಲಿ ನಿಂತು, "ಮೂಗಮ್ಮ, ಮಗೀನ ವಸಿ ಕಳ್ಸವ್ವ" ಎನ್ನುತ್ತಿದ್ದ. ಅವ್ವ! ಒಂದು ಜನ್ಮ ಅವನ ಹೊಲದಲ್ಲಿ ಬಗ್ಗಿ ದುಡಿದವಳಿಗೆ ಆ ಒಂದು ಮಾತು ಸಕ್ಕರೆಗಿಂತ ಸಿಹಿಯಾಗಿತ್ತು. ಅದನ್ನು ಬಿಟ್ಟುಕೊಡುವುದು ಹೇಗೆ?

ಮರುದಿನ ಬೆಳಗ್ಗೆ ಬೈಕಿನ ಸದ್ದು ಕೇಳಿತು. ಭಾನು ಜಡೆ ಹಾಕಿಸಿಕೊಳ್ಳುತ್ತಿದ್ದವಳು ಅಜ್ಜಿಯ ಮುಖವನ್ನೇ ನೋಡಿದಳು. ಮೂಗಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಇವತ್ತು ಆಗದಿಲ್ಲ ಬುದ್ದಿ. ಮಗು ಇಸ್ಕೂಲ್ಗ ಓಯ್ತದ."

"ಇದೇನ್ ಮೂಗಮ್ಮ? ನಾಳ ಬೆಳಿಗ್ಗೆ ಲಾರಿ ಬತ್ತದ, ಇವತ್ತು ಕುಯ್ಲು ಸುರು ಮಾಡ್ಬೇಕು!"

"ಅದರ ಕೈಗುಣ ಹೂವ್ನಲ್ಲಿದ್ದಂಗೇ ಬುಟ್ಟಿಲೂ ಇರ್ತದ. ಬರಿ ಬುಟ್ಟಿ ತಂದು ಇಲ್ಲಿ ಮಡಗಿ. ಇಸ್ಕೂಲ್ ಬುಟ್ಮೇಲ ಬಂದು ಮುಟ್ಟಿ ಕೊಡ್ತದ. ಆ ಬುಟ್ಟಿಲಿ ಯಾವಾಗ್ಲಾದ್ರೂ ಕುಯ್ಕಳಿ."

ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಚಿಕ್ಕಮಲ್ಲಪ್ಪ ಕೆಂಡವಾದ. "ನಾನು ನಿಮ್ ಮನ ಬಾಗ್ಲಿಗ ಬುಟ್ಟಿ ಒತ್ಕಂಡು ಬರಬೇಕಾ?" ಎಂದವನೇ ಬೈಕು ತಿರುಗಿಸಿ ಧೂಳೆಬ್ಬಿಸಿಕೊಂಡು ಹೋದ.

ಭಾನು ಜಿಂಕೆಮರಿಯ ಹಾಗೆ ಶಾಲೆಯ ಕಡೆ ಓಡಿದಳು. ಮೂಗಮ್ಮ ಮಾತ್ರ ಜಗಲಿಯ ಮೇಲೆ ಕೂತುಬಿಟ್ಟಳು. ಮುಗಿಯಿತು, ನಾಳೆಯಿಂದ ಮತ್ತೆ "ಏ ಮೂಗಿ". ಹಗಲೆಲ್ಲ ಇದೇ ಯೋಚನೆ. ಮಾಡಿದ್ದು ಸರಿ ಎಂದುಕೊಳ್ಳುವಳು, ಮರುಗಳಿಗೆಗೆ ಹಾಳಾದ ಬಾಯಿ ಎಂದು ತನ್ನನ್ನೇ ಬೈದುಕೊಳ್ಳುವಳು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪಕ್ಕದ ಹೊಲದ ಪುಟ್ಟಬಸಪ್ಪ ಕಂಕುಳಲ್ಲಿ ಬಿದಿರಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ. "ಬುಟ್ಟಿ ಮುಟ್ಟುದ್ರೂ ಆಯ್ತದಂತಲ್ಲ ಮೂಗಮ್ಮ? ಮಲ್ಲಪ್ಪ ಟೀ ಅಂಗ್ಡಿಲಿ ಬಯ್ಕಂಡು ಕೂತಿದ್ದ, ನಾನು ಮೆಲ್ಲಗ ಎದ್ದು ಬಂದ್ಬುಟ್ಟೆ" ಎಂದ. ಅವನು ಬುಟ್ಟಿ ಇಟ್ಟು ಅತ್ತ ಹೋಗುವುದಕ್ಕೂ ಇತ್ತ ಬೈಕು ಬರುವುದಕ್ಕೂ ಸರಿಹೋಯಿತು. ಚಿಕ್ಕಮಲ್ಲಪ್ಪ ಬೈಕಿನಿಂದ ಇಳಿದು ಬುಟ್ಟಿಯನ್ನು ತಲೆಯ ಮೇಲೇ ಹೊತ್ತು ಬಂದ!

"ಬಸಪ್ಪಂದು ಮೊದ್ಲು ಮುಟ್ಟುಸ್ಬುಟ್ಯಾ?"

"ಮಗು ಇನ್ನೂ ಬಂದಿಲ್ಲ ಬುದ್ದಿ. ಕೂತ್ಕಳಿ."

ಚಿಕ್ಕಮಲ್ಲಪ್ಪ ಅತ್ತಿತ್ತ ನೋಡಿದ. ಅವನ ಅಪ್ಪನಾಗಲಿ ಅಜ್ಜನಾಗಲಿ ಆ ಕೇರಿಯಲ್ಲಿ ಕೂತವರಲ್ಲ. ಒಂದು ಗಳಿಗೆ ನಿಂತ. ಆಮೇಲೆ ಪಂಚೆ ಮೇಲೆತ್ತಿಕೊಂಡು ಮೂಗಮ್ಮನ ಜಗಲಿಯ ಮೇಲೆ ಕೂತೇಬಿಟ್ಟ. ಗೋಡೆಗೆ ಒರಗಿ, "ಒಸಿ ಟೀ ಕಾಯಿಸ್ಬುಡವ್ವ" ಎಂದ.

ಟೀ ಕಾಯಿಸುವಾಗ ಮೂಗಮ್ಮ ಸಂತೋಷಕ್ಕೆ ಸಕ್ಕರೆ ಎರಡು ಸಲ ಹಾಕಿದಳು.

ಅಷ್ಟರಲ್ಲಿ ಭಾನು ಬ್ಯಾಗು ಕುಣಿಸುತ್ತ ಬಂದಳು. ಚಿಕ್ಕಮಲ್ಲಪ್ಪ ಲೋಟ ಹಿಡಿದೇ ಎದ್ದು ಬುಟ್ಟಿ ಮುಂದೆ ಒಡ್ಡಿದ. "ಬಂದ್ಯಾ ಕನಮ್ಮಿ? ಮುಟ್ಟುಮ್ಮಿ ಬೇಗ."

"ಒಸಿ ತಾಳಿ ತಾತ" ಎಂದಳು ಭಾನು, ಜಗಲಿಯ ಮೇಲೆ ಪುಸ್ತಕ ಬಿಚ್ಚಿ ಕೂರುತ್ತ. "ಮಿಸ್ಸು ಇವತ್ತು ಭಿನ್ನರಾಶಿ ಮೊದಲಿಂದ ಹೇಳ್ಕೊಟ್ರು. ಮರ್ತೋಗಕ್ಕ ಮುಂಚ ಲೆಕ್ಕ ಮಾಡ್ಬುಡ್ತಿನಿ."

ಚಿಕ್ಕಮಲ್ಲಪ್ಪ ಮೂಗಮ್ಮನ ಮುಖ ನೋಡಿದ. ಮೂಗಮ್ಮ ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು. ಅವನು ಮತ್ತೆ ಕೂತುಕೊಂಡ.