ಚಿಮಟ ಕಂಡ ಹಸಿರು ಸಾಲು

ನಾನು ಒಂದು ಚಿಮಟ. ಯಾವುದೋ ಊರಿನ ಕಾರ್ಖಾನೆಯಲ್ಲಿ ಉಕ್ಕಿನ ತಗಡಿನಿಂದ ಹುಟ್ಟಿದವನು. ನನ್ನ ಜೊತೆಯವರು ಆಸ್ಪತ್ರೆಗೆ, ಗಡಿಯಾರದ ಅಂಗಡಿಗೆ ಹೋದರು. ನನ್ನ ಪಾಲಿಗೆ ಬಂದದ್ದು ವಿಜಯಪುರದ ಕಡೆಯ ಒಂದು ಜೋಳದ ಸಂಶೋಧನಾ ಹೊಲ. ಸುಳ್ಳೇಕೆ ಹೇಳಲಿ, ಮೊದಮೊದಲು ಮುಖ ಸಣ್ಣದಾಯಿತು.

ಅಲ್ಲಿ ನನ್ನನ್ನು ಹಿಡಿದವಳು ಕೂಲಿಯ ನೀಲಗಂಗವ್ವ. ಜೋಳದ ಒಂದೇ ಹೂವಿನಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ. ಮಧ್ಯಾಹ್ನ ಅವಳು ನನ್ನ ತುದಿಯಿಂದ ಗಂಡು ಭಾಗವನ್ನು ಕಿತ್ತು, ತೆನೆಗೆ ಕಾಗದದ ಚೀಲ ತೊಡಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಉದುರಿಸುತ್ತಿದ್ದಳು. ಒಂದು ಹೂವಿಗೂ ಗಾಯವಾಗುತ್ತಿರಲಿಲ್ಲ.

ವಿಜ್ಞಾನಿ ಇಂದುಮತಿ ಮೇಡಂ ಎರಡು ತಳಿಗಳಿಗೆ ಹೀಗೆ ಗಂಟು ಹಾಕಿಸಿದ್ದರು. ಒಂದರ ತೆನೆ ದೊಡ್ಡದು, ಆದರೆ ನೀರು ತಪ್ಪಿತೋ, ನೆಲ ಹಿಡಿಯುತ್ತಿತ್ತು. ಇನ್ನೊಂದು ಒಣನೆಲದಲ್ಲೂ ಹಸಿರು, ಆದರೆ ಕಾಳು ಮುಷ್ಟಿಯಷ್ಟೇ. ಎರಡರ ಗುಣವೂ ಒಂದೇ ಗಿಡಕ್ಕೆ ಬರಬೇಕಿತ್ತು. ಏಳು ವರ್ಷ ಆರಿಸಿ ಆರಿಸಿ ಒಂದು ಸಾಲು ಉಳಿಯಿತು. ಮೇಡಂ ನಿವೃತ್ತಿಯಾಗುವ ವರ್ಷವೇ ಅದರ ಕೊನೆಯ ಪರೀಕ್ಷೆ: ಹೂ ಬಿಟ್ಟ ಮೇಲೆ ಹನಿ ನೀರೂ ಕೊಡುವಂತಿಲ್ಲ.

ಸುತ್ತಲಿನ ಸಾಲುಗಳೆಲ್ಲ ಒಣಗಿದವು. ಇದು ಮಾತ್ರ ಹಸಿರಾಗಿ ನಿಂತಿತು, ತೆನೆ ತುಂಬ ಕಾಳು. ಮೇಡಂ ಅದರ ಮುಂದೆ ನಿಂತು ಮಗುವಿನ ಹಾಗೆ ನಕ್ಕರು. ನೀಲಗಂಗವ್ವನ ಮುಖ ಕಪ್ಪಿಟ್ಟಿತು.

"ಮೇಡಮ್ಮಾರ, ಕುಡದು ಉಳದ ನೀರು ದಿನಾ ಇದರ ಬುಡಕ್ಕ ಹಾಕೇನ್ರಿ. ಎಲಿ ಸುರುಳಿ ಸುತ್ತಾಕತ್ತಿದ್ವು. ಕೈಯಾರೆ ಬೆಳಸಿದ್ದು, ನೋಡಕೋತ ಹ್ಯಾಂಗ ಕುಂದರ್ಲಿ?"

ಆ ಸೀಮೆಯಲ್ಲಿ ಉಳಿದ ನೀರನ್ನು ಯಾರೂ ಬರಿನೆಲಕ್ಕೆ ಚೆಲ್ಲುವುದಿಲ್ಲ, ಯಾವುದಾದರೂ ಗಿಡಕ್ಕೆ ಹಾಕುತ್ತಾರೆ. ಅವಳೂ ಅಷ್ಟೇ ಮಾಡಿದ್ದಳು.

ಮೇಡಂ ಬಗ್ಗಿ ಬುಡದ ಮಣ್ಣು ಮುಟ್ಟಿ ನೋಡಿದರು. "ಒಣಗತೈತೋ ಇಲ್ಲೋ ನೋಡಾಕನ ಬಿಟ್ಟಿದ್ವಲ್ಲ, ನೀಲಗಂಗವ್ವ" ಎಂದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ವರದಿಯಲ್ಲಿ ಆ ಸಾಲನ್ನು ಹೊಡೆದುಹಾಕಿದರು. ಮತ್ತೊಮ್ಮೆ ಬಿತ್ತಿ ನೋಡಿ ಎಂದು ಮುಂದಿನ ಅಧಿಕಾರಿಗೆ ಬೀಜದ ಡಬ್ಬಿ ಒಪ್ಪಿಸಿದರು. ಆ ಅಧಿಕಾರಿ ಹೂಂ ಎಂದು ತಲೆಯಾಡಿಸಿದರು. ಬಿತ್ತಲಿಲ್ಲ. ಎರಡು ವರ್ಷದ ಮೇಲೆ ಡಬ್ಬಿ ತೆರೆದಾಗ ನುಸಿ ತಿಂದು ಬರೀ ಹಿಟ್ಟು ಉಳಿದಿತ್ತು.

ಹೋಗುವಾಗ ಮೇಡಂ ನನ್ನನ್ನು ನೀಲಗಂಗವ್ವನಿಗೇ ಕೊಟ್ಟುಹೋದರು. ಈಗ ಅವಳ ಮನೆಯ ಗೋಡೆಗೂಡಿನಲ್ಲಿದ್ದೇನೆ. ತುದಿಗೆ ತುಕ್ಕು ಹಿಡಿದಿದೆ. ಓಣಿಯವರ ಕಾಲಿನ ಮುಳ್ಳು ತೆಗೆಯುವುದೇ ನನ್ನ ಕೆಲಸ. ಅವಳು ಹಾಕಿದ ಆ ಚೊಂಬಿನ ನೀರಿಲ್ಲದೆಯೂ ಆ ಸಾಲು ಹಸಿರಾಗಿಯೇ ನಿಲ್ಲುತ್ತಿತ್ತು ಎಂದು ನನಗೆ ಅನಿಸುತ್ತದೆ. ಆದರೆ ಅದನ್ನು ತೋರಿಸಿಕೊಡಲು ಒಂದು ಕಾಳೂ ಉಳಿದಿಲ್ಲ. ಇದನ್ನು ನೆನೆದರೆ ನನ್ನಂಥ ಉಕ್ಕಿನವನಿಗೂ ಸಂಕಟವಾಗುತ್ತದೆ.

ನೀಲಗಂಗವ್ವ ಈಗ ನೀರು ಕುಡಿಯಲು ಕೂತರೆ, ಬಾಯಾರಿಕೆ ತೀರಿದ ಮೇಲೂ ಚೊಂಬು ಬರಿದಾಗುವವರೆಗೆ ಕುಡಿಯುತ್ತಾಳೆ.