ಕೊನೆಯ ಡೋನಟ್

ಡುಲುತ್ ಪಟ್ಟಣದ ಆ ವಿಮಾ ಕಚೇರಿಯಲ್ಲಿ ಸಂಬಳದ ರಜೆಗಿದ್ದ ಮಿತಿ ತೆಗೆದು ವರ್ಷವಾಗಿತ್ತು; ಯಾರು ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಹಿಂದೆ ಹದಿನೈದು ದಿನ ಕೊಟ್ಟಾಗ ಒಂದನ್ನೂ ಬಿಡದಿದ್ದ ಮಾರ್ಲಿಸ್, ಈಗ ಪಕ್ಕದವರಿಗಿಂತ ಹೆಚ್ಚಾದೀತೆಂಬ ಸಂಕೋಚಕ್ಕೆ ನಾಲ್ಕೇ ದಿನ ತೆಗೆದುಕೊಂಡಿದ್ದಳು. ಉಳಿದವರದೂ ಅದೇ ಕಥೆ.

ಆ ಸೋಮವಾರ ಕಚೇರಿಯವರಿಗೆಲ್ಲ ತರಿಸಿದ್ದ ತಿಂಡಿ ಡಬ್ಬಿಯಲ್ಲಿ ಒಂದೇ ಡೋನಟ್ ಉಳಿದಿತ್ತು. ಪೂರ್ತಿ ತಿಂದರೆ ಮರ್ಯಾದೆಯಲ್ಲವೆಂದು ಸಹೋದ್ಯೋಗಿ ಡ್ವೈಟ್ ಅರ್ಧ ಕತ್ತರಿಸಿಕೊಂಡ. ಉಳಿದದ್ದರಲ್ಲಿ ಅರ್ಧ ಪಕ್ಕದ ಮೇಜಿನ ಕ್ಯಾರೊಲ್, ಮತ್ತೆ ಉಳಿದದ್ದರಲ್ಲಿ ಅರ್ಧ ಇನ್ನೊಬ್ಬ. ಕೊನೆಗೆ ಇರುವೆಗೂ ಸಾಲದ ಚೂರು ಅನಾಥವಾಗಿ ಕೂತಿತು.

"ಥೂ, ನಮ್ಮ ಮರ್ಯಾದೆಗೆ ಬೆಂಕಿ ಹಾಕ!" ಎಂದು ಮಾರ್ಲಿಸ್ ಅದನ್ನು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಬೆಚ್ಚಿದರು. ಅದೇ ಬಾಯಲ್ಲಿ ಯಜಮಾನ ಬ್ರೆಂಟನಿಗೆ ಹೇಳಿದಳು: "ಮೂರು ವಾರ ರಜೆ ಬೇಕು. ಮೀನು ಹಿಡಿಯೋಕ್ ಹೋಗ್ತೀನಿ."

"ಅಬ್ಬಾ, ಒಬ್ಬರಾದ್ರೂ ಕೇಳಿದ್ರಲ್ಲಮ್ಮ!" ಎಂದು ಬ್ರೆಂಟ್ ಬೀರುವಿನ ಹಿಂದಿನಿಂದ ಧೂಳು ಹಿಡಿದ ತನ್ನದೇ ಗಾಳ ಎಳೆದ. "ಎಲ್ರಿಗಿಂತ ಮೊದಲು ನಾನೇ ಹೇಗಪ್ಪ ರಜೆ ಹಾಕೋದು ಅಂತಿದ್ದೆ."