ಬಲೆಯ ಅಂಚಿನ ಸೀಸ

ಸದ್ದೇ ಇಲ್ಲ, ಅತ್ತಿಗೆ ಸೀಸದ ಪಟ್ಟಿಯನ್ನು ಬಲೆಯ ಅಂಚಿನ ಹುರಿಗೆ ಸುತ್ತಿ ಹಲ್ಲಿನಿಂದ ಕಚ್ಚಿ ಬಿಗಿಯುವಾಗ, ಕಬ್ಬಿಣವಾಗಿದ್ದರೆ ಟಕ್ ಎನ್ನುತ್ತಿತ್ತು, ಇದು ಮೆತ್ತಗೆ ಬಾಗಿ ಹಲ್ಲಿನ ಗುರುತನ್ನು ಹಾಗೇ ಇಟ್ಟುಕೊಳ್ಳುತ್ತದೆ — ಅಪ್ಪನ ಹಳೇ ರೇಡಿಯೋದ ಬ್ಯಾಟರಿಯೊಳಗಿನ ಸೀಸ ಅದು, ಆ ಬ್ಯಾಟರಿಯನ್ನು ಚಾರ್ಜ್ ಮಾಡಿಸಲು ಸೈಕಲ್ಲಿನಲ್ಲಿ ಬಸವಾಪಟ್ಟಣಕ್ಕೆ ಒಯ್ಯುವಾಗ ನಾನು ಹಿಂದೆ ಕೂತು ಹಿಡಿದುಕೊಂಡಿರುತ್ತಿದ್ದೆ, ಆಸಿಡ್ ತುಳುಕಿ ಚಡ್ಡಿ ತೂತಾಗಿತ್ತು, ಆಮೇಲೆ ಟ್ರಾನ್ಸಿಸ್ಟರ್ ಬಂತು, ಬ್ಯಾಟರಿ ಅಟ್ಟ ಸೇರಿತು, ಹೋದ ವರ್ಷ ಅಣ್ಣ ತಿಪ್ಪೇಶಪ್ಪ ಅದನ್ನು ಕೊಡಲಿಯಿಂದ ಒಡೆದ, ಬಲೆ ಮುಳುಗಾಕೆ ಮನ್ಯಾಗೇ ಸೀಸ ಐತೆ, ಪ್ಯಾಟಿಗೆ ಯಾಕೆ ಹೋಗಬೇಕು ಅಂದ, ಅಡುಗೆ ಒಲೆಯ ಮೇಲೆ ಒಗ್ಗರಣೆ ಸೌಟಿನಲ್ಲೇ ಕರಗಿಸಿದ, ಅವನ ಮಗಳು ಬಂಗಾರಿ ಒಲೆಯ ಪಕ್ಕ ಕೂತು ಅದು ಹೊಳೆಯುವುದನ್ನು ನೋಡುತ್ತಿದ್ದಳು, ಮರುದಿನ ಅದೇ ಸೌಟಿನಲ್ಲಿ ಸಾರಿಗೆ ಒಗ್ಗರಣೆ ಬಿತ್ತು, ನಾನೂ ಉಂಡೆ.

ಎರಡು ವರ್ಷದವಳಿದ್ದಾಗ ಬಂಗಾರಿ ಅವ್ವ ಅನ್ನುತ್ತಿದ್ದಳು, ಮೀನು ಅನ್ನುತ್ತಿದ್ದಳು, ನನ್ನನ್ನು ಕಾಕಾ ಅನ್ನುತ್ತಿದ್ದಳು, ಈಗ ಒಂದೂ ಇಲ್ಲ, ರೇವಣ್ಣ, ಕೂಸು ನಿಮ್ಮಂಗೇ ಆತು ನೋಡ್ರಿ, ಬಾಯಿಗೆ ಬೀಗ, ಅತ್ತಿಗೆ ಹಾಗೆಂದಾಗ ನನಗೆ ಒಳಗೊಳಗೇ ಹಿಗ್ಗು, ಸೂಳೆಕೆರೆ ಏರಿಯ ಮೇಲೆ ನಾವಿಬ್ಬರೂ ಮಾತಿಲ್ಲದೆ ಕೂರುತ್ತೇವೆ, ನೀರು ನೋಡುತ್ತೇವೆ, ಮನೆಯಲ್ಲಿ ನನ್ನ ಮೌನಕ್ಕೆ ಒಂದು ಜೊತೆ ಸಿಕ್ಕಿತು ಅಂದುಕೊಂಡಿದ್ದೆ. ಬಂಗಾರಿ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ, ದೃಷ್ಟಿ ಆಗೈತೆ ಅಂತ ನಮ್ಮವ್ವ ಮೆಣಸಿನಕಾಯಿ ನೀವಾಳಿಸುತ್ತಾಳೆ — ದಾವಣಗೆರೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿಕೊಂಡೇ ಹೇಳಿದ್ದರು, ಸೀಸ ಮಕ್ಕಳಿಗೆ ಮೊದಲು ಹೊಟ್ಟೆನೋವು ತರುತ್ತದೆ, ಆಮೇಲೆ ಬುದ್ಧಿ ಮಂಕು, ಕಲಿತ ಮಾತೂ ಹೋಗಬಹುದು, ಹೊಟ್ಟೆನೋವು, ಮಾತು, ಹೊಟ್ಟೆನೋವು, ಇಷ್ಟು ದಿನ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದೆನಲ್ಲ.

ಅತ್ತಿಗೆ, ಅದನ್ನ ಕಚ್ಚಬ್ಯಾಡ್ರಿ, ವಿಷ ಅದು, ನನ್ನ ದನಿ ನನಗೇ ಹೊಸದು, ಅವಳು ನಗುತ್ತಾಳೆ, ವರ್ಷಾತು ಕಚ್ಚಾಕೆ ಹತ್ತಿ, ಸತ್ತೀನೇನ್ರಿ, ಡಿಗ್ರಿ ಓದಿದ ಬಾಯಿ ವಾರಕ್ಕೊಂದ್ಸಲ ತೆರಿತೈತೆ, ಅದೂ ಹಿಂಗೆ, ಇಕ್ಕಳನಾದ್ರೂ ತಂದು ಕೊಡ್ರಿ ಮತ್ತೆ. ತರುತ್ತೇನೆ, ಸೌಟನ್ನು ಹೂಳುತ್ತೇನೆ, ಬಂಗಾರಿಯನ್ನು ಚನ್ನಗಿರಿ ಆಸ್ಪತ್ರೆಗೆ ಒಯ್ಯುತ್ತೇನೆ, ಡಾಕ್ಟರಿಗೆ ಏನೆಂದು ಹೇಳುವುದು, ಮಗು ಮಾತು ಬಿಟ್ಟಿದೆ ಎಂದೇ, ನನ್ನಂತಾಗಿದೆ ಎಂದೇ — ಬಾಗಿಲ ಮೂಲೆಯಲ್ಲಿ ಕೂಸು, ಮಡಿಲಲ್ಲಿ ಬಲೆಯ ತುದಿ, ಒಂದು ಕೆನ್ನೆ ಉಬ್ಬಿದೆ, ಬಂಗಾರಿ, ಬಾಯಿ ತೆಗಿ, ತೆಗೆಯುವುದಿಲ್ಲ, ಬೆರಳು ಹಾಕುತ್ತೇನೆ, ಬೆಚ್ಚಗೆ, ಜೊಲ್ಲಿನ ಜೊತೆ ಜಾರಿ ಅಂಗೈಗೆ ಬೀಳುತ್ತದೆ, ಅತ್ತಿಗೆಯ ನಗು ನಿಂತಿದೆ, ಬೂದು ಬಣ್ಣದ ಸೀಸದ ಚೂರು, ಅದರ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಗುರುತುಗಳು, ಒತ್ತೊತ್ತಾಗಿ, ಹಾಲುಹಲ್ಲಿನವು.